ರಾಜೇಸಾಬರ ಬಣ್ಣ ಬಿಡುವುದಿಲ್ಲ

ಹುನಗುಂದ ಸೀಮೆಯಲ್ಲಿ ನನ್ನ ನಿಜವಾದ ಹೆಸರು ಗೊತ್ತಿದ್ದವರು ಬಹಳ ಕಡಿಮೆ. ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದರೆ ಸಾಕು, ಚಹಾ ಅಂಗಡಿಯವನು ‘ಕಫದ ಸಾಹೇಬ್ರು ಬಂದ್ರಲೇ, ಒಂದು ಕಡಕ್ ಚಾ ಮಾಡು’ ಎಂದು ಒಳಗೆ ಕೂಗುತ್ತಿದ್ದ. ಬೆಂಚಿನ ಮೇಲೆ ಕುಳಿತವರು ಮೆಲ್ಲಗೆ ಅತ್ತ ಸರಿಯುತ್ತಿದ್ದರು. ಮೊದಮೊದಲು ನನ್ನ ಹೆಂಡತಿಗೆ ಇದರಿಂದ ಬಹಳ ಬೇಸರವಾಗುತ್ತಿತ್ತು. ‘ಒಬ್ಬರಿಗೆ ಮಾಸ್ತರ ಅಂತಾರ, ಒಬ್ಬರಿಗೆ ತಲಾಠಿ ಅಂತಾರ. ನಿಮಗ ಇದರಕಿಂತ ಛಲೋ ಹೆಸರ ಸಿಗಲಿಲ್ಲೇನು?’ ಎಂದು ಕೇಳಿದ್ದಳು. ನನಗೇನೋ ಆ ಹೆಸರು ಹಿಡಿಸಿತ್ತು. ಕ್ಷಯರೋಗ ವಿಭಾಗದ ಚಿಕಿತ್ಸಾ ಮೇಲ್ವಿಚಾರಕ ಎಂದು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವನ ಬಸ್ಸು ಹೊರಟುಹೋಗುತ್ತದೆ. ಕಫದ ಸಾಹೇಬ ಎಂದರೆ ಎಲ್ಲ ಗೊತ್ತಾಯಿತು.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಬಾಗಲಕೋಟೆಯ ನಮ್ಮ ಮನೆಗೆ ಬಂದು, ‘ಸರ್, ನಿಮ್ಮ ಅನುಭವ ಹೇಳ್ರಿ’ ಎನ್ನುತ್ತಾರೆ. ಬಡ್ತಿ, ವರ್ಗಾವಣೆಗಳ ಕತೆ ಯಾರ ಬದುಕಿನಲ್ಲಾದರೂ ಒಂದೇ ತೆರ. ಅದನ್ನು ಬಿಟ್ಟು, ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವ ನಾಲ್ಕು ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಮಾತಿನ ವಿಷಯ. ನಾನು ಮಾತು ಕಲಿತದ್ದು ಕಮತಗಿಯ ನಮ್ಮ ಅಜ್ಜಿಯಿಂದ. ಯಾರ ಮನೆಗೆ ಹೋದರೂ ಆಕೆ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಉಂಡ್ರೆನವಾ? ಅನ್ನ ಹೋಗ್ತೈತಿಲ್ಲೊ?’ ತರಬೇತಿಯಲ್ಲಿ ನನಗೆ ‘ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ, ತೂಕ ಇಳಿದಿದೆಯೇ’ ಎಂದು ಕೇಳಲು ಕಲಿಸಿದರು. ಹಾಗೆ ಕೇಳಿದರೆ ನಮ್ಮ ಜನ ‘ಇಲ್ರಿ’ ಎಂದು ಬಾಗಿಲು ಮುಚ್ಚುತ್ತಾರೆ. ಅಜ್ಜಿಯ ಹಾಗೆ ‘ಅನ್ನ ಹೋಗ್ತೈತೆನವಾ?’ ಎಂದು ಕೇಳಿದರೆ ಚಾಪೆ ಹಾಸಿ, ಹಿಂದಿನ ದೀಪಾವಳಿಯಿಂದ ಹಿಡಿದು ಎಲ್ಲ ಹೇಳುತ್ತಾರೆ. ರೋಗ ಅನ್ನಬೇಡಿ, ಬ್ಯಾನಿ ಅನ್ನಿ. ರೋಗಕ್ಕೆ ಜನ ಹೆದರುತ್ತಾರೆ, ಬ್ಯಾನಿಗೆ ಔಷಧ ಕೇಳುತ್ತಾರೆ.

ನಾನು ಸೇರಿದ ಹೊಸತರಲ್ಲಿ ಔಷಧವೆಂಬುದು ನಮ್ಮೂರ ನಳದ ನೀರಿನ ಹಾಗಿತ್ತು. ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಒಂದು ಗುಳಿಗೆ ಇದ್ದರೆ ಇನ್ನೊಂದು ಇರುತ್ತಿರಲಿಲ್ಲ. ದೂರದಿಂದ ನಡೆದು ಬಂದವರಿಗೆ ‘ಮುಂದಿನ ವಾರ ಬರ್ರಿ’ ಎನ್ನುವುದೇ ನನ್ನ ಕೆಲಸವಾಗಿತ್ತು. ಮುಂದಿನ ವಾರ ಕೆಲವರು ಬರುತ್ತಿದ್ದರು. ಕೆಲವರ ಬದಲಿಗೆ ಅವರ ಮನೆಯವರು ಬಂದು, ಇನ್ನು ಬೇಡ ಎಂದು ಹೇಳಿ ಹೋಗುತ್ತಿದ್ದರು.

ಆಮೇಲೆ ಹೊರಗಿನ ನಿಧಿ ಬಂತು. ಎಷ್ಟೋ ದೇಶಗಳು ಕೂಡಿ, ಬಡ ನಾಡುಗಳ ಅಂಟುರೋಗಗಳ ಮೇಲೆ ಖರ್ಚು ಮಾಡಲೆಂದು ಕಟ್ಟಿದ ಹಣ ಅದು. ನಮ್ಮ ಸರ್ಕಾರದ ಹಣದ ಜೊತೆ ಅದೂ ಸೇರಿ ನಮ್ಮ ಕಚೇರಿಯ ಗಾಳಿಯೇ ಬದಲಾಯಿತು. ಒಬ್ಬ ರೋಗಿಗೆ ಒಂದು ಡಬ್ಬಿ. ಅದರ ಮೇಲೆ ಅವನದೇ ಹೆಸರು. ಒಳಗೆ ಮೊದಲ ಗುಳಿಗೆಯಿಂದ ಕೊನೆಯ ಗುಳಿಗೆಯವರೆಗೆ ಎಲ್ಲ. ಆ ಡಬ್ಬಿಗಳ ಸಾಲನ್ನು ಕಪಾಟಿನಲ್ಲಿ ಮೊದಲ ಸಲ ಕಂಡಾಗ ನಾನು ಬಾಗಿಲು ಹಾಕಿಕೊಂಡು ಸುಮ್ಮನೆ ನೋಡುತ್ತ ನಿಂತಿದ್ದೆ. ‘ಮುಂದಿನ ವಾರ ಬರ್ರಿ’ ಎನ್ನುವ ಮಾತು ನನ್ನ ಬಾಯಿಂದ ಹೋಯಿತು. ನನ್ನ ವೃತ್ತಿಯಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಅದೇ. ಯಂತ್ರಗಳು ಆಮೇಲೆ ಬಂದವು.

ಕಫ ಹಿಡಿಯಲು ಮುಚ್ಚಳವಿದ್ದ ಹೊಸ ಪ್ಲಾಸ್ಟಿಕ್ ಬಟ್ಟಲುಗಳೂ ಬಂದವು. ಹುನಗುಂದದ ಒಬ್ಬ ಅಜ್ಜನಿಗೆ ಎರಡು ಬಟ್ಟಲು ಕೊಟ್ಟು, ಮುಂಜಾನೆ ಎದ್ದ ಕೂಡಲೇ ಕ್ಯಾಕರಿಸಿ ಒಂದರಲ್ಲಿ ತುಂಬಿಸಿ ತಾ, ಇನ್ನೊಂದು ಮರುದಿನಕ್ಕೆ ಎಂದಿದ್ದೆ. ಅಜ್ಜ ಬರಲಿಲ್ಲ. ಮನೆಗೇ ಹೋದರೆ ದೇವರ ಜಗಲಿಯ ಮೇಲೆ ನನ್ನ ಎರಡೂ ಬಟ್ಟಲು ಇವೆ! ಒಂದರಲ್ಲಿ ವಿಭೂತಿ, ಇನ್ನೊಂದರಲ್ಲಿ ಕುಂಕುಮ.

‘ಅಜ್ಜಾರ, ಇದು ಉಗುಳಾಕ ಕೊಟ್ಟದ್ದು!’

‘ಇಷ್ಟ ಛಲೋ ಡಬ್ಬಿಯಾಗ ಯಾರರ ಉಗುಳ್ತಾರೇನೋ ತಮ್ಮಾ? ನಿನಗೂ ಒಂದು ತಿಳುವಳಿಕೆ ಬ್ಯಾಡೇನು?’

ಕೊನೆಗೆ ಆತ ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ಕಫ ತಂದ. ಉಪ್ಪಿನಕಾಯಿ ಎಣ್ಣೆಯಿಂದಾಗಿ ಪ್ರಯೋಗಾಲಯದವಳು ನನ್ನ ಮೇಲೆ ಹರಿಹಾಯ್ದಳು. ಅಂದಿನಿಂದ ಬಟ್ಟಲು ಕೊಡುವಾಗ ಅದರ ಮೇಲೆ ಪೆನ್ನಿನಿಂದ ಹೆಸರು ಗೀಚಿ, ಗೀಚಿದ್ದನ್ನು ತೋರಿಸಿ ಕೊಡತೊಡಗಿದೆ. ಹೆಸರು ಬಿದ್ದ ಮೇಲೆ ಯಾರೂ ಜಗಲಿಗೇರಿಸಲಿಲ್ಲ.

ಕೆರೂರಿನ ಮಾಳಪ್ಪ ಕುರಿ ಕಾಯುವವನು, ಬೀರಪ್ಪ ದೇವರ ಒಕ್ಕಲು. ಬ್ಯಾನಿ ಖಾತ್ರಿಯಾದ ಮೇಲೂ ಗುಳಿಗೆ ಮುಟ್ಟಲು ಒಲ್ಲೆ ಎಂದ. ಹೊಲದಲ್ಲಿ ಕುರಿ ತರುಬಿದ್ದ ಜಾಗದಲ್ಲೇ ನಮ್ಮಿಬ್ಬರ ವಾದ ನಡೆಯಿತು.

‘ಯಾರು ರೊಕ್ಕ ಕೊಟ್ಟಾರಂದ್ರಿ?’

‘ಹೊರಗಿನ ದೇಶದವ್ರು. ಭಾಳ ಮಂದಿ ಕೂಡಿ ಕೊಟ್ಟಾರ.’

‘ಅವರಿಗೆ ನನ್ನ ಹೆಸರ ಗೊತ್ತೈತೇನ್ರಿ?’

‘ಇಲ್ಲಪಾ.’

‘ಹೆಸರ ಗೊತ್ತಿಲ್ಲದವಗ ಯಾರರ ಪುಕ್ಕಟೆ ಕೊಡ್ತಾರೇನ್ರಿ? ಇದರಾಗ ಏನೋ ಐತಿ.’

ನಾನು ಅವನ ಕುರಿಗಳ ಕಡೆ ಕೈ ಮಾಡಿದೆ. ‘ನಿನ್ನ ಹಿಂಡಿಗೆ ಜಡ್ಡ ಬಂತಂದ್ರ ಬಾಜೂ ಹಿಂಡಿನವ್ರು ಏನಂತಾರ?’

‘ಲಗೂ ಔಷಧ ಹಾಕು ಅಂತಾರ. ಇಲ್ಲಂದ್ರ ಅವರ ಕುರೀನೂ ಹೋಗ್ತಾವಲ್ರಿ.’

‘ನಿನ್ನ ಕೈಯಾಗ ಔಷಧಕ್ಕ ರೊಕ್ಕ ಇಲ್ಲಂದ್ರ?’

‘ಅವರs ತಂದು ಹಾಕ್ತಾರ, ಮತ್ತೇನ್ ಮಾಡ್ಯಾರು...’ ಎನ್ನುತ್ತಲೇ ಮಾತು ನಿಲ್ಲಿಸಿ ಮಾಳಪ್ಪ ನನ್ನ ಮುಖ ನೋಡಿದ. ಆಮೇಲೆ ಜೋರಾಗಿ ನಕ್ಕ. ‘ಹಂಗಂದ್ರ ನಾ ಅವರ ಬಾಜೂ ಹಿಂಡಿನ ಕುರಿ ಅನ್ರಿ!’ ಡಬ್ಬಿಯನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಹೋದ. ಹಿಂಡು ಹೋದಲ್ಲೆಲ್ಲ ಡಬ್ಬಿಯೂ ಹೋಯಿತು, ಮಾಳಪ್ಪ ಗುಣವಾದ. ಶ್ರೀಮಂತ ದೇಶಗಳು ನಮಗೇಕೆ ಕೊಡುತ್ತವೆ ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಕೆರೂರಿನ ಕುರಿಗಳ ಮಾತನ್ನೇ ಹೇಳುತ್ತೇನೆ.

ಇಷ್ಟೆಲ್ಲ ಪೀಠಿಕೆ ಇಳಕಲ್ಲಿನ ಒಂದು ಓಣಿಯ ಕತೆ ಹೇಳುವುದಕ್ಕೆ.

ಇಳಕಲ್ಲಿನ ನೇಕಾರರ ಓಣಿಗೆ ಬೆಳಿಗ್ಗೆ ಗಾಡಿ ಹೊಡೆದುಕೊಂಡು ಹೋಗುವ ಹಾಗಿಲ್ಲ. ಸೀರೆಗೆ ಬೇಕಾದ ನೂಲಿನ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿರುತ್ತಾರೆ. ಅದು ಒಣಗುವ ತನಕ ಎಮ್ಮೆಯಾಗಲಿ ಸಾಹೇಬನಾಗಲಿ ದಾಟುವಂತಿಲ್ಲ. ಅದೇ ಓಣಿಯಲ್ಲಿ ನೀಲವ್ವನ ಮನೆ. ಒಂದೇ ಖೋಲಿ, ಒಂದು ಕುಣಿಮಗ್ಗ, ಹಿಂದೆ ಅಡುಗೆಯ ಜಾಗ. ಮಗ ಮಹಾಂತೇಶ ಮಗ್ಗದ ಕುಣಿಯಲ್ಲಿ ಇಳಿದು ನೇಯುತ್ತಿದ್ದ. ಸೊಸೆ ಕಸ್ತೂರಿ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ನೀಲವ್ವ ಮನೆಯನ್ನೂ, ಓಣಿಯನ್ನೂ ಆಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಮಹಾಂತೇಶ ಹೆಂಡತಿಯನ್ನು ಕರೆದುಕೊಂಡು ದವಾಖಾನೆಗೆ ಬಂದ. ಕಸ್ತೂರಿಯ ಕಫವನ್ನು ಬಾಗಲಕೋಟೆಗೆ ಕಳಿಸಿದೆವು. ಹೊರಗಿನ ನಿಧಿಯಿಂದ ಬಂದ ಯಂತ್ರವೊಂದು ಅಲ್ಲಿತ್ತು. ಮೊದಲಾದರೆ ತಿಂಗಳುಗಟ್ಟಲೆ ಕಾಯಬೇಕಿದ್ದ ಉತ್ತರವನ್ನು ಅದು ಅದೇ ದಿನ ಹೇಳುತ್ತಿತ್ತು. ಅಂದಿನ ಉತ್ತರ ಚೆನ್ನಾಗಿರಲಿಲ್ಲ. ಸಾಮಾನ್ಯ ಗುಳಿಗೆಗೆ ಬಗ್ಗದ ಬ್ಯಾನಿ. ಇಂಥದಕ್ಕೆ ಹೊಸ ಗುಳಿಗೆಗಳು ಆಗಷ್ಟೇ ಬಂದಿದ್ದವು, ಅವೂ ಅದೇ ನಿಧಿಯ ನೆರವಿನಿಂದ. ದಿನಾಲೂ ಒಂದು ಮುಷ್ಟಿ ಗುಳಿಗೆ, ಅದೂ ಇನ್ನೊಬ್ಬರ ಕಣ್ಣೆದುರು, ಮುಂದಿನ ವರ್ಷದ ದೀಪಾವಳಿಯವರೆಗೆ ತಪ್ಪದೆ ನುಂಗಬೇಕು. ನಡುವೆ ಬಿಟ್ಟರೆ ಆ ಗುಳಿಗೆಗಳಿಗೂ ಬ್ಯಾನಿ ಬಗ್ಗುವುದಿಲ್ಲ. ಆಮೇಲೆ ಕೊಡಲು ನಮ್ಮ ಕಪಾಟಿನಲ್ಲಿ ಬೇರೇನೂ ಇರಲಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದೆ. ಕಸ್ತೂರಿ ಅಳಲಿಲ್ಲ. ‘ಗುಳಿಗಿ ನುಂಗ್ತೇನ್ರಿ ಕಾಕಾ. ನಮ್ಮ ಅತ್ತಿ ಕಿವಿಗೆ ಮಾತ್ರ ಬೀಳಬಾರದು’ ಎಂದಳು.

‘ಯಾಕವಾ?’

ಮಹಾಂತೇಶ ತಲೆ ತಗ್ಗಿಸಿದ. ‘ನಮ್ಮಪ್ಪ ಇದರಾಗ ಹ್ವಾದ್ನ್ರಿ. ನಾ ಸಣ್ಣಾವಿದ್ದೆ. ಔಷಧ ಒಮ್ಮೆ ಸಿಗ್ತಿತ್ತು, ಒಮ್ಮೆ ಇಲ್ಲ. ಅವ್ವ ಎಲ್ಲಾ ನೋಡ್ಯಾಳ. ಈ ಬ್ಯಾನಿ ಮತ್ತ ಹೊಸ್ತಲಾ ದಾಟಿ ಬಂತಂದ್ರ ಈಕೀನ್ನ ತೌರಿಗೆ ಕಳಿಸಿಬಿಡ್ತಾಳ. ಅಲ್ಲಿ ಅಣ್ಣ-ಅತ್ತಿಗಿ ಇಟ್ಕೊಳ್ಳೂದಿಲ್ಲ. ಆಮೇಲೆ ಗುಳಿಗಿ ಯಾರು ಕೊಡ್ತಾರ್ರಿ?’

ಔಷಧ ಒಮ್ಮೆ ಸಿಗುತ್ತಿದ್ದ, ಒಮ್ಮೆ ಇಲ್ಲದ ಆ ದಿನಗಳು ನನಗೂ ಗೊತ್ತಿದ್ದವು. ಗುಟ್ಟು ಉಳಿಸಲು ಒಪ್ಪಿದೆ.

ಯಾರ ಎದುರಿಗೆ ನುಂಗುತ್ತೀ ಎಂದು ಕಸ್ತೂರಿಯನ್ನೇ ಕೇಳಿದೆ. ಆಕೆ ಹೇಳಿದ್ದು ಹಸೀನಾಬಿಯ ಹೆಸರು. ಓಣಿಯ ತುದಿಯಲ್ಲಿ ನೂಲಿಗೆ ಬಣ್ಣ ಹಾಕುವ ರಾಜೇಸಾಬರ ಹೆಂಡತಿ. ಬಿಳಿ ನೂಲಿನ ಲಡಿ ಕೊಡುವುದಕ್ಕೂ ಬಣ್ಣದ ಲಡಿ ತರುವುದಕ್ಕೂ ಕಸ್ತೂರಿ ಹೇಗೂ ಅಲ್ಲಿಗೆ ಹೋಗುತ್ತಿದ್ದಳು. ಹಸೀನಾಬಿ ಗುಳಿಗೆಯ ಡಬ್ಬಿಯನ್ನು ಬಣ್ಣದ ಪುಡಿಯ ಡಬ್ಬಿಗಳ ಹಿಂದೆ ಇಟ್ಟುಕೊಂಡಳು. ಮೊದಲ ತಿಂಗಳುಗಳಲ್ಲಿ ಬೇರೆ ಮಲಗಬೇಕೆಂದು ವೈದ್ಯರು ಹೇಳಿದ್ದರಿಂದ ಕಸ್ತೂರಿ ಧಗೆಯ ನೆಪ ಹೇಳಿ ಮಾಳಿಗೆಯ ಮೇಲೆ ಮಲಗತೊಡಗಿದಳು. ಕೆಮ್ಮಿಗೆ ನೂಲಿನ ಧೂಳಿನ ನೆಪ.

ಇನ್ನೊಂದು ತೊಡಕಿತ್ತು. ಬ್ಯಾನಿ ಬಂದ ಮನೆಯ ಉಳಿದವರನ್ನೂ ಪರೀಕ್ಷೆ ಮಾಡಲೇಬೇಕು. ನೀಲವ್ವನ ಮನೆ ಮುಂದೆ ಎಕ್ಸ್‌ರೇ ವ್ಯಾನು ನಿಲ್ಲಿಸಿದರೆ ಕತೆ ಮುಗಿಯಿತು. ಹಾಗೆಂದು ಆಕೆಯನ್ನು ಪರೀಕ್ಷಿಸದೆ ಬಿಟ್ಟರೆ, ಸೊಸೆಯ ಗುಟ್ಟು ಉಳಿಸಲು ಅತ್ತೆಯನ್ನು ಅಪಾಯಕ್ಕೆ ನೂಕಿದಂತೆ. ನಾನು ವ್ಯಾನನ್ನು ಓಣಿಯ ಬಾಯಿಯಲ್ಲಿ ನಿಲ್ಲಿಸಿ, ಮಗ್ಗದ ಕುಣಿಯಲ್ಲಿ ಕೂತು ಕೆಲಸ ಮಾಡುವವರಿಗೆಲ್ಲ ಎದೆಯ ಪರೀಕ್ಷೆ ಎಂದು ಡಂಗುರ ಹೊಡೆಸಿದೆ. ಇಡೀ ಓಣಿಯನ್ನು ಹೊರಡಿಸಿದವಳು ನೀಲವ್ವನೇ. ‘ಏ ಬರ್ರವಾ, ಪುಕ್ಕಟೆ ಎದಿ ಫೋಟೋ ತಗೀತಾರ!’ ಆಕೆಯ ಎದೆ ಸ್ವಚ್ಛವಿತ್ತು, ಮಹಾಂತೇಶನದೂ. ಅಂದು ನಾನು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮಳೆಗಾಲ ಕಳೆಯುವಷ್ಟರಲ್ಲಿ ಕಸ್ತೂರಿ ಕೆಮ್ಮು ನಿಂತು ಮೈ ತುಂಬಿಕೊಂಡಳು. ಆದರೆ ಆ ಗುಳಿಗೆಗಳಲ್ಲಿ ಒಂದಕ್ಕೆ ಒಂದು ಗುಣವಿದೆ. ತಿಂಗಳುಗಳು ಕಳೆದಂತೆ ಅದನ್ನು ನುಂಗುವವರ ಮೈ ಕೆಂಪುಗಪ್ಪಾಗುತ್ತದೆ. ಅಪಾಯವೇನಿಲ್ಲ, ಔಷಧ ನಿಂತ ಮೇಲೆ ನಿಧಾನಕ್ಕೆ ತಿಳಿಯಾಗುತ್ತದೆ. ನಾವು ಇದನ್ನು ಕಸ್ತೂರಿಗೂ ಮಹಾಂತೇಶನಿಗೂ ಹೇಳಿದ್ದೆವು. ನೀಲವ್ವನಿಗೆ ಹೇಳುವವರು ಯಾರು?

ಮೊದಲು ಬಿಸಿಲು ಎಂದುಕೊಂಡಳು ನೀಲವ್ವ. ಆಮೇಲೆ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಕಡಲೆಹಿಟ್ಟು, ಅರಿಷಿಣ ಹಚ್ಚಿ ತಿಕ್ಕಿದಳು. ಬಣ್ಣ ಹೋಗಲಿಲ್ಲ. ಒಂದು ಮುಂಜಾನೆ ಸೊಸೆಯ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು, ಪಕ್ಕದಲ್ಲಿದ್ದ ದಾಳಿಂಬೆ ಬಣ್ಣದ ಲಡಿ ನೋಡಿದಳು, ಮತ್ತೆ ಕೈ ನೋಡಿದಳು. ಆಯುಷ್ಯವೆಲ್ಲ ನೂಲು ನೋಡಿದ ಕಣ್ಣು. ತೀರ್ಪು ಕೊಡಲು ಎಷ್ಟು ಹೊತ್ತು?

ಲಡಿಯನ್ನೂ ಸೊಸೆಯನ್ನೂ ಎಳೆದುಕೊಂಡು ರಾಜೇಸಾಬರ ಅಂಗಳಕ್ಕೆ ಹೋದವಳೇ, ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ‘ಏ ರಾಜೇಸಾಬ, ನಿನ್ನ ಬಣ್ಣ ನನ್ನ ಸೊಸಿಗೆ ಹತ್ತೇತಿ! ಇದs ಕೈಲೆ ಮುಖ ಒರಸ್ಕೊಂಡು ಮುಖಾನೂ ಹಂಗ ಆಗೇತಿ. ಮನಶ್ಯಾರ ಮೈಗೆ ಹತ್ತೂ ಬಣ್ಣ ಸೀರಿಗೆ ನಿಲ್ತೈತೇನೋ? ಇವತ್ತಿಂದ ನನ್ನ ಸೊಸಿ ನಿನ್ನ ಮನಿ ಹೊಸ್ತಲಾ ತುಳಿಯೂದಿಲ್ಲ!’

ಬಣ್ಣದವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ನಮಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕೊನೆಯ ಮಾತಿನಿಂದ. ಕಸ್ತೂರಿಯ ಆ ದಿನದ ಗುಳಿಗೆ ತಪ್ಪಿತು.

ಮಹಾಂತೇಶನ ಫೋನು ಬಂದಾಗ ನಾನು ಬಾದಾಮಿಯಲ್ಲಿದ್ದೆ. ‘ನೀನs ಮನ್ಯಾಗ ಕೊಡೋ’ ಎಂದೆ. ‘ಆಗೂದಿಲ್ರಿ ಸರ್. ಒಂದ ಖೋಲಿ. ಅಪ್ಪನ ಗುಳಿಗಿ ಪಾಕೀಟು ಅವ್ವನ ಕಣ್ಣಾಗ ಇನ್ನೂ ಐತಿ. ನೋಡಿದ ಕೂಡ್ಲೆ ಗುರುತ ಹಿಡೀತಾಳ’ ಎಂದ. ಮರುದಿನ ಬೆಳಕು ಹರಿಯುತ್ತಲೇ ನಾನು ರಾಜೇಸಾಬರ ಅಂಗಳದಲ್ಲಿದ್ದೆ.

ರಾಜೇಸಾಬರು ಒಲೆಯ ಮೇಲಿನ ಹಂಡೆಯನ್ನು ಕೋಲಿನಿಂದ ತಿರುವುತ್ತಿದ್ದರು. ನನ್ನನ್ನು ಕಂಡರೂ ಮುಖ ಎತ್ತಲಿಲ್ಲ. ‘ನಮ್ಮಪ್ಪ ಹಾಕಿದ ದಾಳಿಂಬಿ ಬಣ್ಣದ ಸೀರಿ ಇನ್ನೂ ಉಡ್ತಾರ್ರಿ ಸಾಹೇಬ್ರ. ಸೀರಿ ಹರದಾವು, ಬಣ್ಣ ಬಿಟ್ಟಿಲ್ಲ. ಆಕಿ ಓಣಿ ತುಂಬಾ ಹೆಂಗ ಅಂದ್ಳು ನೋಡ್ರಿ.’

ಹಸೀನಾಬಿ ಒಳಗಿನಿಂದ ಬಂದು ಸೆರಗಿಗೆ ಕೈ ಒರೆಸಿಕೊಂಡಳು. ‘ಬಣ್ಣ ಬಿಟ್ಟೈತಿ ಅಂತ ಒಪ್ಪಿಕೊಂಡ ಬಿಡೂಣು.’

‘ಏ, ನಿನಗೇನ್ ಹುಚ್ಚ ಹಿಡದೈತಿ?’

‘ಆ ಹುಡುಗಿ ಗುಳಿಗಿ ನಿಂತ್ರ ಏನಾಗ್ತೈತಿ ಅಂತ ಸಾಹೇಬ್ರು ಹೇಳ್ಯಾರಲ್ಲ. ನೀ ಕೇಳಿಯಲ್ಲ.’

‘ನಾಳೆ ಓಣ್ಯಾಗ ಯಾರೂ ನೂಲು ಕೊಡೂದಿಲ್ಲ. ಅದು ಗೊತ್ತೈತಿಲ್ಲೊ?’

‘ಗೊತ್ತೈತಿ.’

ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ನಡುವೆ ಬಾಯಿ ಹಾಕುವ ಹಕ್ಕು ನನಗಿರಲಿಲ್ಲ. ಹೋಗುವುದು ಅವರ ಅನ್ನ. ರಾಜೇಸಾಬರು ಬಹಳ ಹೊತ್ತು ಕೋಲು ತಿರುವಿದರು. ಕೊನೆಗೆ, ‘ಹೋಗು, ಹೇಳು. ನಾ ಮಾತ್ರ ಬರೂದಿಲ್ಲ. ಆ ಮಾತು ನನ್ನ ಬಾಯಿಂದ ಬರಾಂಗಿಲ್ಲ’ ಎಂದರು.

ಹಸೀನಾಬಿ ನೀಲವ್ವನ ಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತಳಂತೆ. ‘ಯಕ್ಕಾ, ತಪ್ಪಾತು. ಬಣ್ಣದಾಗ ಏನೋ ಹೆಚ್ಚಕಮ್ಮಿ ಆಗಿತ್ತು, ಬದಲ ಮಾಡೇವಿ. ಹತ್ತಿದ ಬಣ್ಣ ತಗ್ಯೂದು ನಮಗ ಗೊತ್ತೈತಿ, ನಿನಗ ಗೊತ್ತಿಲ್ಲ. ದಿನಾ ಮುಂಜಾನೆ ಹುಡುಗೀನ್ನ ಕಳಸು. ನಾನs ತಿಕ್ಕಿ ತೊಳದು ಕಳಸ್ತೇನಿ.’

ನೀಲವ್ವ ಇನ್ನೊಂದಿಷ್ಟು ಬೈದು, ‘ಹಚ್ಚಿದವರs ತಗೀಬೇಕಲ್ಲ ಮತ್ತ’ ಎಂದು ಒಪ್ಪಿದಳು. ಅಂದಿನಿಂದ ಅತ್ತೆಯೇ ಸೊಸೆಯನ್ನು ಎಬ್ಬಿಸಿ ಕಳಿಸತೊಡಗಿದಳು. ಒಂದು ದಿನ ಕಸ್ತೂರಿ ತಡ ಮಾಡಿದರೆ, ‘ಏಳs, ಹೋಗಿ ಬಣ್ಣ ತೊಳಸ್ಕೊಂಡ ಬಾ’ ಎಂದು ಗದರುವಳು. ಕಸ್ತೂರಿ ಹೋಗಿ, ಒಂದು ಮುಷ್ಟಿ ಗುಳಿಗೆ ನುಂಗಿ, ಕೈಕಾಲು ಮುಖ ತೊಳೆದು ಬರುವಳು. ಮತ್ತೆ ಒಂದು ದಿನವೂ ಗುಳಿಗೆ ತಪ್ಪಲಿಲ್ಲ. ಓಣಿಯ ಕೆಲವು ಮನೆಯವರು ರಾಜೇಸಾಬರಿಗೆ ನೂಲು ಕೊಡುವುದನ್ನು ಬಿಟ್ಟರು. ಅವರ ಅಂಗಳದ ಒಂದು ಒಲೆ ಆರಿತು.

ಅದೇ ಚಳಿಗಾಲದಲ್ಲಿ ನಿಧಿಯವರ ತಂಡ ಬರುವ ಸುದ್ದಿ ಬಂತು. ಹೊಸ ಗುಳಿಗೆ ಜಿಲ್ಲೆಗೆ ಹೇಗೆ ಮುಟ್ಟಿದೆ ಎಂದು ಅವರು ಕಣ್ಣಾರೆ ನೋಡುವವರಿದ್ದರು. ಆಗ ನಮಗಿದ್ದ ದೊಡ್ಡ ಸಾಹೇಬರು ಮೈಸೂರು ಕಡೆಯವರು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಖಡಕ್. ‘ಆ ಇಳಕಲ್ಲಿನ ಹೆಣ್ಣುಮಗಳ ಮನೆ ತೋರಿಸೋಣ. ಚೆನ್ನಾಗಿ ಗುಣ ಆಗ್ತಿದಾಳೆ’ ಎಂದರು.

‘ಆಗೂದಿಲ್ರಿ ಸಾಹೇಬ್ರ.’

‘ಯಾಕ್ರೀ ಆಗಲ್ಲ? ರೋಗಿ ಮನೆ ತೋರಿಸದೆ ನಿಮ್ಮ ಮನೆ ತೋರಿಸಲೇನು?’

ಎಲ್ಲ ಹೇಳಿದೆ. ದಾಳಿಂಬೆ ಬಣ್ಣದ ಸಂಗತಿ ಬಂದಾಗ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಮೂರು ಜೀಪು ಆ ಓಣಿಗೆ ಹೋದರೆ ಅತ್ತೆಗೆ ಗೊತ್ತಾಗುತ್ತೆ. ಅಷ್ಟೇ ತಾನೆ?’

‘ಅಷ್ಟೇ ಸಾಹೇಬ್ರ. ಹುಡುಗಿ ತೌರಿಗೆ ಹೋಗ್ತಾಳ, ಗುಳಿಗಿ ನಿಲ್ತಾವ.’

‘ಹಂಗಾದ್ರೆ ಬಣ್ಣದವರ ಮನೆಗೇ ಕರ್ಕೊಂಡು ಹೋಗಿ. ಜೀಪು ದೂರ ನಿಲ್ಲಿಸಿ, ಬಣ್ಣ ಹಾಕೋದು ನೋಡೋಕೆ ಬಂದಿದಾರೆ ಅನ್ನಿ. ಹಾರ ಗೀರ ಏನೂ ಬೇಡ.’ ಯಾರೇ ದೊಡ್ಡವರು ಬಂದರೂ ಹಾರ, ಶಾಲು, ರಂಗೋಲಿ ಎಂದು ಮೂರು ದಿನ ಮೊದಲೇ ಕಚೇರಿಯನ್ನು ಕುಣಿಸುತ್ತಿದ್ದ ಮನುಷ್ಯ ಹಾಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ.

ತಂಡದ ಮುಖ್ಯಸ್ಥೆ ನೆರೆಗೂದಲಿನ, ಎತ್ತರದ ಹೆಣ್ಣುಮಗಳು. ಬಹಳ ಜಾಣೆ, ನೇರ ಪ್ರಶ್ನೆ ಕೇಳುವವಳು. ಒಬ್ಬ ರೋಗಿಗಾಗಿ ಓಣಿಯ ಎಲ್ಲರ ಎಕ್ಸ್‌ರೇ ತೆಗೆಸಿದ್ದೇಕೆ, ಈ ಖರ್ಚಿಗೆ ಏನು ಸಮಜಾಯಿಷಿ ಎಂದು ಜೀಪಿನಲ್ಲೇ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಯಾರದೋ ದುಡಿಮೆಯ ತೆರಿಗೆ ಅದು. ‘ಒಂದು ಮನೆಯನ್ನು ಮಾತ್ರ ಪರೀಕ್ಷಿಸಿದ್ದರೆ ಆ ಮನೆಯಲ್ಲಿ ಈಗ ರೋಗಿ ಇರುತ್ತಿರಲಿಲ್ಲ, ಹೊರಗೆ ಹಾಕುತ್ತಿದ್ದರು. ಹುಡುಕಿದ್ದರಿಂದ ಅದೇ ಓಣಿಯಲ್ಲಿ ಒಬ್ಬ ಮುದುಕನ ಬ್ಯಾನಿಯೂ ಸಿಕ್ಕಿತು’ ಎಂದೆ. ಸಾಹೇಬರು ಇಂಗ್ಲಿಷಿಗೆ ತಿರುಗಿಸಿದರು. ಆಕೆ ಹೂಂ ಎಂದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ರಾಜೇಸಾಬರ ಅಂಗಳದಲ್ಲಿ ಹಸೀನಾಬಿ ಚಹಾ ಕೊಟ್ಟಳು. ಹೊರಗಿನವರು ಬರುವುದನ್ನು ಕಸ್ತೂರಿಗೆ ಮೊದಲೇ ತಿಳಿಸಿ, ಬೇಡವಾದರೆ ತಡವಾಗಿ ಬಾ ಎಂದಿದ್ದೆ. ಆಕೆ ತನ್ನ ಹೊತ್ತಿಗೇ ಬಂದಳು. ಯಾರ ಕಡೆಗೂ ನೋಡದೆ ಗುಳಿಗೆ ನುಂಗಿದಳು, ನೀರು ಕುಡಿದಳು, ಮುಖ ತೊಳೆದಳು, ಲಡಿ ಎತ್ತಿಕೊಂಡು ಹೋದಳು. ತಂಡದ ಮುಖ್ಯಸ್ಥೆ ಹಸೀನಾಬಿಯನ್ನು ಕೇಳಿದಳು: ‘ಈ ಕೆಲಸಕ್ಕೆ ನಿಮಗೆ ಏನು ಸಿಗುತ್ತದೆ?’

‘ಬೈಗುಳ ಸಿಗ್ತಾವ್ರಿ’ ಎಂದಳು ಹಸೀನಾಬಿ. ‘ಅವೂ ದಿನಾ.’

ಎಲ್ಲರೂ ನಕ್ಕರು. ಮುಖ್ಯಸ್ಥೆಗೆ ಮಾತ್ರ ಅರ್ಥವಾಗಲಿಲ್ಲ. ಸಾಹೇಬರು ಬಣ್ಣದ ಕತೆಯನ್ನು ಪೂರ್ತಿ ಬಿಡಿಸಿ ಹೇಳಿದರು. ಆಕೆ ಆರಿದ ಒಲೆಯ ಕಡೆ ನೋಡಿದಳು. ಅದರ ಬಗ್ಗೆ ಕೇಳಿದಳು. ರಾಜೇಸಾಬರು ಬೆನ್ನು ತಿರುಗಿಸಿ ಕೆಲಸಕ್ಕೆ ಹೋದರು. ಹಿಂದಿರುಗುವಾಗ ಕೂಡಲಸಂಗಮದ ಕ್ರಾಸ್ ದಾಟಿದ ಮೇಲೆ ಆಕೆ, ‘ಇಷ್ಟು ದೂರದಿಂದ ಬಂದ ಗುಳಿಗೆ ಇಲ್ಲಿ ಯಾರ ಕೈ ದಾಟಿ ಹೋಗುತ್ತದೆ ಎನ್ನುವುದು ನನಗೆ ತಿಳಿದಿರಲಿಲ್ಲ’ ಎಂದಳು. ನಮಗೆ ಗುಳಿಗೆ ಬರುವುದು ನಿಲ್ಲಲಿಲ್ಲ. ಓಣಿಗೆ ಓಣಿಯನ್ನೇ ಪರೀಕ್ಷಿಸುವ ನಮ್ಮ ಪದ್ಧತಿಗೂ ಯಾರೂ ಅಡ್ಡಿ ಮಾಡಲಿಲ್ಲ.

ಈಗ ಹೊರಗಿನ ದೇಶಗಳು ಕೈ ಬಿಗಿ ಹಿಡಿಯುತ್ತಿವೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ಹೊಸಬರಿಗೆ ಅದರ ಚಿಂತೆ ಇದೆ, ನನಗೂ ಇದೆ. ಔಷಧ ಒಮ್ಮೆ ಸಿಕ್ಕು ಒಮ್ಮೆ ಸಿಗದ ಕಾಲವನ್ನು ನಾನು ಕಂಡವನು, ಅದು ಮರಳಬಾರದು. ಆದರೆ ಬಂದ ಹಣವನ್ನು ನಾವು ಹೇಗೆ ಬಳಸಿದೆವು ಎಂದು ಯಾರೇ ಕೇಳಲಿ, ಎದೆ ಎತ್ತಿ ಉತ್ತರ ಕೊಡುತ್ತೇನೆ. ಒಂದು ಗುಳಿಗೆಯೂ ಬಚ್ಚಲಿಗೆ ಹೋಗಲಿಲ್ಲ.

ಮತ್ತೆ ಓಣಿಯ ಕತೆಗೆ ಬರುತ್ತೇನೆ. ಮರುವರ್ಷದ ದೀಪಾವಳಿ ಬಂತು. ಕಸ್ತೂರಿಯ ಕೊನೆಯ ಪರೀಕ್ಷೆಯೂ ಸ್ವಚ್ಛವಾಗಿ ಬಂತು. ನಾನು ಪೇಢೆ ತೆಗೆದುಕೊಂಡು ಹಸೀನಾಬಿಯ ಮನೆಗೆ ಹೋದೆ. ಕಸ್ತೂರಿ ಪೇಢೆ ಮುಟ್ಟಲಿಲ್ಲ.

‘ಕಾಕಾ, ನಾ ಆರಾಮಾದ್ನಿ. ಇವರ ಒಲಿ ಇನ್ನೂ ಆರೇ ಐತಿ. ನಾ ಅತ್ತಿ ಮುಂದ ಎಲ್ಲಾ ಹೇಳ್ತೇನಿ.’

‘ಈಗ ಯಾಕವಾ? ಇನ್ನೊಂದೀಟ ದಿನ ತಡಿ, ಮೈ ಬಣ್ಣ ತಿಳಿ ಆಗ್ತೈತಿ, ಎಲ್ಲಾರೂ ಮರೀತಾರ’ ಎಂದ ಮಹಾಂತೇಶ.

‘ಎಲ್ಲಾರೂ ಮರೀತಾರ. ಬಣ್ಣ ಬಿಡ್ತೈತಿ ಅನ್ನೂದು ಮಾತ್ರ ಯಾರೂ ಮರ್ಯಾಂಗಿಲ್ಲ’ ಎಂದಳು ಕಸ್ತೂರಿ. ಹಸೀನಾಬಿ ಬೇಡ ಬೇಡ ಎಂದಳು. ಹುಡುಗಿ ಕೇಳಲಿಲ್ಲ.

ನನ್ನನ್ನೂ ಕರೆದುಕೊಂಡೇ ಹೋದರು. ನೀಲವ್ವ ರೊಟ್ಟಿ ತಟ್ಟುತ್ತಿದ್ದಳು. ಕಸ್ತೂರಿ ಎದುರಿಗೆ ಕುಳಿತು, ಏನೂ ಮುಚ್ಚಿಡದೆ ಹೇಳಿದಳು. ಬ್ಯಾನಿ ಯಾವಾಗ ಗೊತ್ತಾಯಿತು, ಗುಳಿಗೆ ಎಲ್ಲಿ ನುಂಗಿದಳು, ಮೈ ಯಾಕೆ ಹೀಗಾಯಿತು, ಎಲ್ಲ. ನೀಲವ್ವನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಕೈಯಲ್ಲೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಸೀದಿತು. ಆಕೆ ನನ್ನ ಕಡೆ ತಿರುಗಿದಳು.

‘ಪೂರಾ ಹೋಗೇತೇನ್ರಿ ಸಾಹೇಬ್ರ?’

‘ಪೂರಾ ಹೋಗೇತಿ ನೀಲವ್ವ. ನನ್ನ ಮಾತಲ್ಲ, ಯಂತ್ರದ ಮಾತು.’

ನೀಲವ್ವ ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು. ‘ಖರೆ ಹೇಳ್ಲ್ಯಾ? ನೀ ನನಗ ಹೇಳಿದ್ರ ನಾ ನಿನ್ನ ಅವತ್ತs ತೌರಿಗೆ ಕಳಸ್ತಿದ್ದೆ.’

‘ಗೊತ್ತಿತ್ರಿ ಅತ್ತಿ. ಅದಕ್ಕ ಹೇಳಲಿಲ್ಲ.’

‘ಛಲೋ ಮಾಡಿದಿ’ ಎಂದಳು ನೀಲವ್ವ. ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಆಮೇಲೆ ಏನೋ ಹೊಳೆದಂತೆ ತಟ್ಟನೆ ತಲೆ ಎತ್ತಿದಳು. ‘ಹಂಗಾರ ರಾಜೇಸಾಬನ ಬಣ್ಣ?’

ನೀಲವ್ವ ಕೈ ತೊಳೆದಳು, ಸೆರಗು ಸರಿ ಮಾಡಿಕೊಂಡಳು, ಮೂಲೆಯಲ್ಲಿದ್ದ ಬಿಳಿ ನೂಲಿನ ಲಡಿಗಳನ್ನು ಕಂಕುಳಲ್ಲಿ ಇರುಕಿಕೊಂಡಳು. ಓಣಿಯಲ್ಲಿ ಹಾಸು ಎಳೆದು ಕಟ್ಟಿದ್ದರು. ಗಂಜಿ ಹಚ್ಚುತ್ತ ಎರಡೂ ಬದಿಗೆ ಜನ ನಿಂತಿದ್ದರು. ಮಹಾಂತೇಶ ‘ಯವ್ವಾ, ಎಲ್ಲಾರ ಮುಂದ ಬ್ಯಾಡ’ ಎಂದು ಹಿಂದೆಯೇ ಓಡಿದ. ಆಕೆ ನಿಲ್ಲಲಿಲ್ಲ. ಹಾಸಿನ ಅಂಚು ಹಿಡಿದು ನಡೆಯುತ್ತ ಓಣಿಯ ನಡುವೆ ಹೋಗಿ ನಿಂತಳು.

‘ಎಲ್ಲಾರೂ ಕೇಳ್ರಿ. ನನ್ನ ಸೊಸಿಗೆ ಕೆಮ್ಮಿನ ಬ್ಯಾನಿ ಆಗಿತ್ತು. ನನ್ನ ಗಂಡಗ ಆಗಿತ್ತಲ್ಲ, ಅದs. ಈಗ ಆರಾಮಾಗ್ಯಾಳ. ಆಕಿ ಮೈ ಬಣ್ಣ ಗುಳಿಗೀದು. ರಾಜೇಸಾಬನ ಬಣ್ಣ ಬಿಡೂದಿಲ್ಲ. ಬಿಡ್ತೈತಿ ಅಂತ ಒದರಿದಾಕಿ ನಾ, ಅದು ಸುಳ್ಳು.’

ಗಂಜಿಯ ಕುಂಚಗಳು ನಿಂತವು. ಎದುರು ಮನೆಯವಳು, ‘ನೀಲವ್ವಾ, ಅದs ಬ್ಯಾನಿ? ನಿನ್ನ ಸೊಸಿ ಉಳದ್ಲಾ?’ ಎಂದಳು.

‘ಉಳದಾಳ. ಅಲ್ಲೇ ನಿಂತಾಳ ನೋಡು.’

ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಒಬ್ಬರೂ ಹೆದರಿ ಮನೆಯೊಳಗೆ ಸರಿಯಲಿಲ್ಲ.

ಗದ್ದಲ ಕೇಳಿ ರಾಜೇಸಾಬರು ಮೊಣಕೈವರೆಗೆ ಕೆಂಪಾದ ಕೈಗಳೊಂದಿಗೆ ಹೊರಗೆ ಬಂದರು. ನೀಲವ್ವ ಲಡಿಗಳನ್ನು ಅವರ ಮುಂದೆ ಚಾಚಿದಳು.

‘ತಗೋ. ದಾಳಿಂಬಿ ಬಣ್ಣ ಹಾಕು. ಮುಂಚೆ ಹಾಕ್ತಿದ್ದ್ಯಲ್ಲ, ಅದs ಬಣ್ಣ.’

ರಾಜೇಸಾಬರು ಲಡಿ ಇಸಿದುಕೊಂಡರು. ‘ಅದs ಬಣ್ಣ ಐತಿ ನೀಲಕ್ಕಾ. ಬದಲ ಮಾಡೇವಿ ಅಂತ ನನ್ನ ಹೆಂಡ್ತಿ ಹೇಳಿದ್ಳು. ನಾ ಎಲ್ಲಿ ಮಾಡೀನಿ?’